ಅರ್ಧ ಇಂಚು ಖಾಲಿ ಬಟ್ಟೆ

ನನ್ನ ಕೈಗಳಲ್ಲಿ ಹತ್ತು ಬೆರಳಿವೆ. ಎರಡು ವಾರದಿಂದ ದಿನಕ್ಕೆ ನಾಲ್ಕು ಸಲ ಎಣಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದೇನೆ.

ಹುರುಳಿಕಾಯಿ ಹೆಚ್ಚುವಾಗ ಎಣಿಸುತ್ತೇನೆ. ಬಸ್ಸಿನ ಕಂಬಿ ಹಿಡಿದಾಗ ಎಣಿಸುತ್ತೇನೆ. ಮೊನ್ನೆ ಮೆಟ್ರೋದಲ್ಲಿ ಪಕ್ಕದ ಹೆಂಗಸಿನ ಬೆರಳುಗಳನ್ನೂ ಎಣಿಸುತ್ತಾ ಕೂತಿದ್ದೆ. ಆಕೆ ನನ್ನನ್ನು ಒಂದು ಥರಾ ನೋಡಿ, ಬ್ಯಾಗನ್ನು ಎದೆಗೆ ಅವಚಿಕೊಂಡು ಆಚೆ ಸರಿದರು. (ನಾನು ನೋಡಿದ್ದು ನಿಮ್ಮ ಉಂಗುರವನ್ನಲ್ಲ ತಾಯಿ, ಬೆರಳನ್ನು ಅಂದಿದ್ದರೆ ಇನ್ನೂ ಹೆದರುತ್ತಿದ್ದರೇನೋ.)

ಈ ಅಂಕಣ ಓದುವವರಿಗೆ ನನ್ನ ಹೊಟ್ಟೆಪಾಡು ಗೊತ್ತು. ಪೀಣ್ಯದ ಒಂದು ಶೆಡ್ಡಿನಲ್ಲಿ ನಾನು ಕ್ವಾಲಿಟಿ ಮ್ಯಾನೇಜರ್. ತಗಡು ಒತ್ತಿ ಗಾಡಿಗಳಿಗೆ ಬ್ರಾಕೆಟ್ ಮಾಡುವ ಕಾರ್ಖಾನೆ ನಮ್ಮದು. ನಾಲ್ಕು ಪ್ರೆಸ್ ಮಷಿನ್‌ಗಳಿವೆ. ನನ್ನ ಕೆಲಸ ಹೆಚ್ಚಾಗಿ ಫಾರಂ ತುಂಬುವುದು, ಸಹಿ ಹಾಕುವುದು. ಸ್ವಭಾವತಃ ಪುಕ್ಕಲಿ. ಯಾರಾದರೂ ಜೋರಾಗಿ ಬಾಗಿಲು ಹಾಕಿದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಪ್ರೆಸ್ ಮಷಿನ್ ನೋಡದವರಿಗೆ ಎರಡು ಮಾತು. ಮೇಲಿಂದ ಒಂದು ಕಬ್ಬಿಣದ ದಿಮ್ಮಿ ಧಡ್ ಎಂದು ಇಳಿದು, ತಗಡನ್ನು ಒತ್ತಿ, ಮೇಲೆ ಹೋಗುತ್ತದೆ. ಎರಡು ಕೈಯಿಂದ ಎರಡು ಹಸಿರು ಬಟನ್ ಒಟ್ಟಿಗೆ ಒತ್ತಿದರಷ್ಟೇ ಇಳಿಯಬೇಕು. ಆಮೇಲೆ ಆಪರೇಟರ್ ಒಳಗೆ ಕೈ ಹಾಕಿ, ಒತ್ತಿದ ಪೀಸ್ ತೆಗೆದು, ಹೊಸ ತಗಡು ಇಡಬೇಕು. ಆಗ ಬಟನ್ ಮೇಲೆ ಯಾರ ಕೈಯೂ ಇರುವುದಿಲ್ಲ. ಹಾಗಾಗಿ ಅದು ಇಳಿಯುವುದಿಲ್ಲ. ಇಳಿಯಬಾರದು.

ಆ ಬುಧವಾರ ಬೆಳಿಗ್ಗೆ ಇಳಿಯಿತು.

ಮೂರನೇ ನಂಬರ್ ಪ್ರೆಸ್ಸಿನಲ್ಲಿ ಕೂತಿದ್ದವರು ಶರಣಮ್ಮ. ಕುಷ್ಟಗಿ ಕಡೆಯವರು, ರಾಜಗೋಪಾಲನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದಾರೆ. ನಾನು ಓಡಿ ಹೋಗುವಷ್ಟರಲ್ಲಿ ಅವರು ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದರು. ರಕ್ತ ಇರಲಿಲ್ಲ. ಗ್ಲೌಸ್ ತೆಗೆದರು. ಐದೂ ಬೆರಳಿದ್ದವು. ಗ್ಲೌಸಿನ ಎರಡು ಬೆರಳ ತುದಿ ಮಾತ್ರ ಇರಲಿಲ್ಲ.

ಅದು ಗಂಡಸರ ಸೈಜಿನ ಬಟ್ಟೆ ಗ್ಲೌಸ್. ಹೆಂಗಸರ ಬೆರಳಿಗೆ ತುದಿಯಲ್ಲಿ ಅರ್ಧ ಇಂಚು ಖಾಲಿ ಉಳಿಯುತ್ತದೆ. ಸಣ್ಣ ಸೈಜ್ ತರಿಸಿಕೊಡಿ ಅಂತ ಅವರೆಲ್ಲ ನಾಲ್ಕು ತಿಂಗಳ ಹಿಂದೆಯೇ ಬರೆದುಕೊಟ್ಟಿದ್ದರು. ಅದರ ಮೇಲೆ ನಾನು ‘ಪರಿಶೀಲನೆಯಲ್ಲಿದೆ’ ಎಂದು ಬರೆದು ಇಟ್ಟುಕೊಂಡಿದ್ದೆ. ಅಂದರೆ ಶರಣಮ್ಮನ ಬೆರಳು ಉಳಿಸಿದ್ದು ನನ್ನ ಸೋಮಾರಿತನ. ಇದಕ್ಕೆ ಹೆಮ್ಮೆ ಪಡಲೋ, ಮುಖ ಮುಚ್ಚಿಕೊಳ್ಳಲೋ?

ಸೂಪರ್‌ವೈಸರ್ ಮಂಜುನಾಥ್ ಮಧ್ಯಾಹ್ನದೊಳಗೆ ಮಷಿನ್ ಮುಂದೆ ಒಂದು ಬೂದುಗುಂಬಳ ಒಡೆಸಿದರು. ನಾನೂ ಕೈ ಮುಗಿದೆ. ಸಂಜೆಯೊಳಗೆ ಅವರೇ ವೈ-ವೈ ಫಾರಂ ತುಂಬಿ ನನ್ನ ಮೇಜಿನ ಮೇಲಿಟ್ಟರು. ಏನಾದರೂ ಎಡವಟ್ಟಾದರೆ ಐದು ಸಲ ‘ಯಾಕೆ’ ಎಂದು ಕೇಳಿ ಮೂಲ ಕಾರಣ ಹಿಡಿಯುವ ಫಾರಂ ಅದು. ಗ್ಲೌಸ್ ಯಾಕೆ ಕತ್ತರಿಸಿತು? ಕೈ ಒಳಗಿತ್ತು. ಯಾಕಿತ್ತು? ಬೇಗ ತೆಗೆಯಲಿಲ್ಲ. ಯಾಕೆ? ಗಮನ ಇರಲಿಲ್ಲ. ಯಾಕೆ? ನಿರ್ಲಕ್ಷ್ಯ. ಯಾಕೆ? ತರಬೇತಿ ಸಾಲದು. ಪರಿಹಾರ: ತರಬೇತಿ ನೀಡಲಾಯಿತು.

ಓದಲು ಚೆನ್ನಾಗಿದೆ, ಅಲ್ಲವೇ? ಎಲ್ಲೋ ಓದಿದ ಹಾಗಿದೆ ಅನಿಸಿ ಹಳೆಯ ಫೈಲ್ ತೆಗೆದೆ. ಎರಡು ವರ್ಷದ ಫಾರಂಗಳು. ಎಲ್ಲದರಲ್ಲೂ ಕೊನೆಯ ಮೂರು ಸಾಲು ಒಂದೇ. ಡ್ರಿಲ್ ಬಿಟ್ ಮುರಿದಾಗಲೂ ನಿರ್ಲಕ್ಷ್ಯ, ಡಬ್ಬಕ್ಕೆ ತಪ್ಪು ಲೇಬಲ್ ಅಂಟಿಸಿದಾಗಲೂ ನಿರ್ಲಕ್ಷ್ಯ. ನಾವು ಉತ್ತರವನ್ನು ಮೊದಲು ಬರೆದು, ಆಮೇಲೆ ಅದಕ್ಕೆ ಹೊಂದುವ ಐದು ಪ್ರಶ್ನೆ ಹುಡುಕುತ್ತಿದ್ದೆವು. ಎಲ್ಲದರ ಕೆಳಗೂ ನನ್ನ ಸಹಿ ಇತ್ತು.

ಆದರೂ ಪೆನ್ನು ತೆಗೆದೆ, ಸುಳ್ಳು ಯಾಕೆ ಹೇಳಲಿ? ತಿಂಗಳ ಕೊನೆಗೆ ಕಸ್ಟಮರ್ ಆಡಿಟ್, ಅಂದರೆ ನಮ್ಮ ಬ್ರಾಕೆಟ್ ಕೊಳ್ಳುವವರ ತಪಾಸಣೆ ಇತ್ತು. ಫಾರಂ ಶುಕ್ರವಾರದೊಳಗೆ ಕ್ಲೋಸ್ ಆಗಬೇಕಿತ್ತು. ಮಷಿನ್ ನಿಲ್ಲಿಸಿದರೆ ಡಿಸ್ಪ್ಯಾಚ್ ನಿಲ್ಲುತ್ತದೆ. ಸಾಹೇಬರ ಎದುರು ನಿಂತು ‘ಗೊತ್ತಿಲ್ಲ ಸಾರ್’ ಅನ್ನುವ ಧೈರ್ಯ ನನಗೆಲ್ಲಿಂದ ಬರಬೇಕು?

ಹೇಳಿಕೆಗೆ ಸಹಿ ಹಾಕಲು ಶರಣಮ್ಮನನ್ನು ಕರೆಸಿದೆ. ಅವರು ಬಂದು ಫಾರಂ ಓದಿದರು. ನಿಧಾನವಾಗಿ, ಬೆರಳಿಟ್ಟು ಓದಿದರು. ತಾನು ಬಟನ್ ಬಿಟ್ಟ ಮೇಲೆಯೇ ಅದು ಇಳಿದದ್ದು ಅಂದರು. ಹಾಗೆ ಆಗಲು ಸಾಧ್ಯವಿಲ್ಲ ಅಂತ ಮಂಜುನಾಥ್ ಹೇಳಿದರು. ಮಂಜುನಾಥ್ ಕೂಡ ಹಿಂದೆ ಬೇರೊಂದು ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್ ಆಗಿದ್ದವರು. ಅವರ ಎಡಗೈಯ ತೋರುಬೆರಳು ಒಂದು ಗೆಣ್ಣಿನಷ್ಟು ಗಿಡ್ಡ. ಹೊಸಬರು ಸೇರಿದಾಗಲೆಲ್ಲ ಅದನ್ನೇ ಎತ್ತಿ ತೋರಿಸಿ, ಗಮನ ಇಲ್ಲದಿದ್ದರೆ ಹೀಗಾಗುತ್ತದೆ ಅಂತ ಪಾಠ ಮಾಡುತ್ತಾರೆ.

ಶರಣಮ್ಮ ವಾದ ಮಾಡಲಿಲ್ಲ. ನನ್ನನ್ನೇ ನೋಡಿ ಹೇಳಿದರು.

“ಸಹಿ ಮಾಡ್ರಿ ಮೇಡಂ, ಬ್ಯಾಡ ಅನ್ನಂಗಿಲ್ರಿ. ಅದಕ್ಕೂ ಮೊದ್ಲ ಒಂದ್ ಗಳಿಗಿ ನಿಮ್ಮ ಕೈ ಒಳಗಿಟ್ಟು ನಿಲ್ರಿ.”

ನಾನು ನಕ್ಕೆ. ಆಮೇಲೆ ನಗು ನಿಂತುಹೋಯಿತು. ಯಾಕೆಂದರೆ ನಾನು ಇಡಲಾರೆ. ಸತ್ತರೂ ಇಡಲಾರೆ.

ಸ್ವಲ್ಪ ಯೋಚಿಸಿ ನೋಡಿ. ತಪ್ಪು ಶರಣಮ್ಮನದು, ಮಷಿನ್ ಸರಿಯಾಗಿದೆ ಅಂತ ನಾನು ನಿಜವಾಗಿ ನಂಬಿದ್ದರೆ ಕೈ ಇಡಲು ಏನು ಕಷ್ಟ? ಭಯ ಆಗುತ್ತಿದೆ ಅಂದರೆ ನನಗೆ ಒಳಗೊಳಗೇ ಆ ಫಾರಂ ಮೇಲೆ ನಂಬಿಕೆ ಇಲ್ಲ ಅಂತ ತಾನೇ ಅರ್ಥ? ನನ್ನ ತಲೆಗಿಂತ ಮುಂಚೆ ನನ್ನ ಕೈಗೆ ಸತ್ಯ ಗೊತ್ತಿತ್ತು.

ಪೆನ್ನು ಕೆಳಗಿಟ್ಟೆ.

ಶರಣಮ್ಮ ನನ್ನನ್ನು ಮಷಿನ್ ಹಿಂದೆ ಕರೆದುಕೊಂಡು ಹೋದರು. ಕಂಬದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಚುಕ್ಕೆಗಳಿದ್ದವು. ಹನ್ನೊಂದು ಚುಕ್ಕೆ. ಎರಡು ತಿಂಗಳಲ್ಲಿ ಮಷಿನ್ ತಾನಾಗಿ ಇಳಿದದ್ದು ಹನ್ನೊಂದು ಸಲ. ಬೆಳಗಿನ ಟೀಗೆ ಮುಂಚೆ ಇಳಿದರೆ ಚುಕ್ಕೆ, ಟೀ ಆದ ಮೇಲೆ ಇಳಿದರೆ ಗೀಟು ಹಾಕಬೇಕು ಅಂತ ಅವರ ಲೆಕ್ಕ. ಗೀಟು ಒಂದೂ ಇರಲಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಎರಡು ಸಲ ಸೂಪರ್‌ವೈಸರ್‌ಗೆ ಹೇಳಿದ್ದರಂತೆ. ಮೂರನೇ ಸಲ ಹೇಳಿದರೆ ಕೆಲಸದಿಂದ ತೆಗೆಯುತ್ತಾರೆಂದು ಸುಮ್ಮನಾದರಂತೆ. ಹನ್ನೊಂದು ಸಲ ಆ ದಿಮ್ಮಿ ತಾನಾಗಿ ಇಳಿಯುವುದನ್ನು ನೋಡಿಯೂ ಹನ್ನೆರಡನೇ ಸಲ ಅದರೊಳಗೆ ಕೈ ಹಾಕುತ್ತಾ ಕೂತಿದ್ದರು.

ನಿರ್ಲಕ್ಷ್ಯ ಅನ್ನುವುದು ಗಡಿಯಾರ ನೋಡಿಕೊಂಡು ಬರುತ್ತದೆಯೇ? ಬೆಳಿಗ್ಗೆ ನಿದ್ದೆಗಣ್ಣು ಮೇಡಂ ಅಂತ ಮಂಜುನಾಥ್ ಅಂದರು. ಇರಬಹುದು. ಹಾಗಾದರೆ ಪರೀಕ್ಷೆ ಮಾಡೋಣ ಅಂದೆ. ಮೂರು ದಿನ, ಟೀ ತನಕ, ಶರಣಮ್ಮ ದೂರ ಇರಲಿ. ಮಂಜುನಾಥ್ ಬಟನ್ ಒತ್ತುವುದು, ನಾನು ಒಂದು ಉದ್ದನೆಯ ಮರದ ಪಟ್ಟಿಯಿಂದ ಪೀಸ್ ಆಚೆ ಎಳೆಯುವುದು. ಮೂರು ದಿನವೂ ಏನೂ ಆಗದಿದ್ದರೆ ಮಾತಿಲ್ಲದೆ ಸಹಿ ಮಾಡುತ್ತೇನೆ ಅಂದೆ. ಸಾಹೇಬರಿಗೆ ಫೋನಿನಲ್ಲಿ ‘ಗೊತ್ತಿಲ್ಲ ಸಾರ್’ ಅಂತಲೂ ಅಂದೆ. (ಎದುರಿಗೆ ನಿಂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ.)

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನವೂ ಇಲ್ಲ. ಮಂಜುನಾಥ್ ಮುಖದಲ್ಲಿ ಸಣ್ಣ ನಗು. ನನಗೂ ಒಳಗೊಳಗೆ ಸಮಾಧಾನ. ಹೌದು, ಆ ಹೆಂಗಸು ಸುಳ್ಳು ಹೇಳಿದ್ದರೇ ಚೆನ್ನ ಅಂತ ಆ ಹೊತ್ತಿನಲ್ಲಿ ನಾನು ಆಸೆಪಟ್ಟಿದ್ದು ನಿಜ.

ಮೂರನೇ ದಿನ ಬೆಳಿಗ್ಗೆ ಸುಮಾರು ನಲವತ್ತು ಪೀಸ್ ಆಗಿತ್ತು. ಮಂಜುನಾಥ್ ಎರಡೂ ಕೈ ಬಟನ್ನಿನಿಂದ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ನಾನು ಪಟ್ಟಿಯನ್ನು ಒಳಗೆ ತೂರಿಸಿದೆ.

ಧಡ್.

ನನ್ನ ಕೈಯಲ್ಲಿ ಉಳಿದದ್ದು ಅರ್ಧ ಪಟ್ಟಿ. ಅಲ್ಲೇ ಬ್ರಾಕೆಟ್ ತುಂಬಿದ ಕ್ರೇಟ್ ಮೇಲೆ ಕೂತೆ.

ಮಂಜುನಾಥ್ ಮೇನ್ ಆಫ್ ಮಾಡಿ ತಾವೇ ಸ್ಪ್ಯಾನರ್ ಹಿಡಿದರು. ಆ ದಿಮ್ಮಿ ಇಳಿಯುವುದು, ನಿಲ್ಲುವುದು ಎಲ್ಲ ಗಾಳಿಯ ಒತ್ತಡದ ಮೇಲೆ. ಗಾಳಿಯನ್ನು ಬಿಟ್ಟು ಹಿಡಿಯುವ ಒಂದು ವಾಲ್ವ್ ಇದೆ. ಅದನ್ನು ಬಿಚ್ಚಿದರೆ ಒಳಗಿಂದ ಜಿಡ್ಡು ಜಿಡ್ಡಾದ ನೀರು ಸುರಿಯಿತು. ಶೆಡ್ಡಿನ ಹಿಂದಿರುವ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ಗಾಳಿಯ ತೇವ ನೀರಾಗಿ ನಿಲ್ಲುತ್ತದೆ. ದಿನಾ ಬೆಳಿಗ್ಗೆ ಕೆಳಗಿನ ನಲ್ಲಿ ತಿರುಗಿಸಿ ಅದನ್ನು ಆಚೆ ಬಿಡಬೇಕು. ಬಿಡದಿದ್ದರೆ ಗಾಳಿಯ ಜೊತೆ ಲೈನಿಗೆ ಬರುತ್ತದೆ, ವಾಲ್ವ್ ಅಂಟಿಕೊಳ್ಳುತ್ತದೆ, ದಿಮ್ಮಿ ಕೇಳದೆಯೇ ಇಳಿಯುತ್ತದೆ. ಟೀ ಹೊತ್ತಿಗೆ ಮಷಿನ್ ಬಿಸಿಯಾಗಿ ಎಲ್ಲ ಸರಿಹೋಗುತ್ತದೆ.

ವಾಲ್ವ್ ಕೈಯಲ್ಲಿ ಹಿಡಿದ ಮಂಜುನಾಥ್ ಅದನ್ನು ನೋಡುತ್ತಿರಲಿಲ್ಲ. ತಮ್ಮ ಗಿಡ್ಡ ಬೆರಳನ್ನು ನೋಡುತ್ತಿದ್ದರು.

“ನಂದೂ ಬೆಳಿಗ್ಗೆನೇ ಮೇಡಂ,” ಅಂದರು. “ಇಪ್ಪತ್ತು ವರ್ಷ ಆಯ್ತು. ನಂದೇ ತಪ್ಪು ಅನ್ಕೊಂಡಿದ್ದೆ.”

ಅವರಿಗೂ ಒಂದು ಫಾರಂ ತುಂಬಿರುತ್ತಾರೆ. ಅದರಲ್ಲೂ ಯಾರೋ ನನ್ನಂಥವರು ಸಹಿ ಮಾಡಿರುತ್ತಾರೆ. ಆ ಒಂದು ಸಾಲನ್ನು ಈ ಮನುಷ್ಯ ಇಪ್ಪತ್ತು ವರ್ಷ ನಂಬಿ, ಊರಿಗೆಲ್ಲ ಬೆರಳೆತ್ತಿ ತೋರಿಸಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ವಾರ ಎದೆ ಉಬ್ಬಿಸಿ ಬರೆಯಬಹುದಿತ್ತು. ಆದರೆ ‘ಯಾಕೆ’ ಇನ್ನೂ ಉಳಿದಿತ್ತಲ್ಲ? ಟ್ಯಾಂಕಿನ ನೀರು ಬಿಡುತ್ತಿದ್ದವರು ಯಾರು ಅಂತ ಕೇಳಿದೆ. ಮುನಿಯಪ್ಪ ಅಂದರು ಮಂಜುನಾಥ್. ಆಮೇಲೆ ನನ್ನ ಮುಖ ನೋಡದೆ ವಾಲ್ವ್ ಒರೆಸತೊಡಗಿದರು.

ನನಗೆ ತಟ್ಟನೆ ನೆನಪಾಯಿತು.

ಎರಡು ತಿಂಗಳ ಹಿಂದೆ ಕಂಪನಿ ನನ್ನನ್ನು ಒಂದು ಹೋಟೆಲಿನ ಹಾಲ್‌ಗೆ ಎರಡು ದಿನದ ಟ್ರೈನಿಂಗಿಗೆ ಕಳಿಸಿತ್ತು. ವಿಷಯ: ಕೆಲಸದಲ್ಲಿ ಕ್ರಿಟಿಕಲ್ ಥಿಂಕಿಂಗ್. ಊಟ ಚೆನ್ನಾಗಿತ್ತು, ಸರ್ಟಿಫಿಕೇಟ್ ಕೊಟ್ಟರು. ‘ಮೊದಲಿಂದಲೂ ಹೀಗೇ ಮಾಡುತ್ತಿದ್ದೇವೆ’ ಅಂತ ಯಾರಾದರೂ ಹೇಳಿದರೆ ಅನುಮಾನಪಡಿ ಅಂತ ಹೇಳಿಕೊಟ್ಟರು. ನಾನು ವಾಪಸ್ ಬಂದವಳೇ ಕ್ಲಿಪ್‌ಬೋರ್ಡ್ ಹಿಡಿದು ಶೆಡ್ಡಿಗೆ ಇಳಿದೆ. ಮೊದಲು ಸಿಕ್ಕಿದ್ದೇ ಮುನಿಯಪ್ಪ. ಈ ಶೆಡ್ ನಿಂತಿರುವ ಹಳ್ಳಿಯ ಮೂಲದವರು, ನಮ್ಮಲ್ಲಿ ಗುಡಿಸುವುದು, ಸಣ್ಣಪುಟ್ಟ ಕೆಲಸ ನೋಡಿಕೊಳ್ಳುವುದು ಅವರ ಪಾಲು. ದಿನಾ ಬೆಳಿಗ್ಗೆ ಶೆಡ್ಡಿನ ಹಿಂದೆ ಹೋಗಿ ಕಾಲು ಗಂಟೆ ಕಳೆದು ಬರುತ್ತಿದ್ದರು. ಯಾಕೆ ಹೋಗುತ್ತೀರಿ ಅಂತ ಕೇಳಿದೆ. ಕಂಪ್ರೆಸರ್ ಹತ್ತಿರ ಕೆಲಸ ಇರುತ್ತೆ, ಮೊದಲಿಂದಲೂ ಮಾಡಿಕೊಂಡು ಬಂದಿದ್ದೇನೆ ಅಂದರು.

ಅನಗತ್ಯ ಓಡಾಟ ಅಂತ ಬರೆದೆ. ಮಾರನೆಯ ದಿನವೇ ಅವರನ್ನು ಪ್ಯಾಕಿಂಗಿಗೆ ಹಾಕಿಸಿದೆ. ಸಹಿ? ನನ್ನದೇ.

ಐದು ‘ಯಾಕೆ’ ಕೇಳಬೇಕಾದವಳು ಒಂದಕ್ಕೇ ನಿಲ್ಲಿಸಿದ್ದೆ. ಕಂಬದ ಮೇಲಿನ ಮೊದಲ ಚುಕ್ಕೆ ಬಿದ್ದದ್ದು ಅದಾದ ಮುಂದಿನ ವಾರ.

ಮುನಿಯಪ್ಪನ ಹತ್ತಿರ ಹೋಗಿ, ಆ ನೀರು ಬಿಡದಿದ್ದರೆ ತೊಂದರೆ ಆಗುತ್ತದೆ ಅಂತ ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಅವರು ಟೇಪ್ ಹಚ್ಚುತ್ತಿದ್ದ ಡಬ್ಬ ಬದಿಗಿಟ್ಟರು.

“ನೀವು ಬರ್ಕೊತಾ ಇದ್ರಲ್ಲಮ್ಮ. ಬರ್ಕೊಳೋರ್ ಮುಂದೆ ಏನಂತ ಏಳಾದು?”

ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಇದೆಲ್ಲ ಹೇಳಿದೆ. ಅವಳ ಏಸಿ ಆಫೀಸಿನಲ್ಲಿ ದಿಮ್ಮಿ ಬೀಳುವುದಿಲ್ಲ. ಆದರೆ ಸಿಸ್ಟಂ ಬಿದ್ದಾಗ ಅಲ್ಲೂ ಕಾಲ್ ಮಾಡಿ ಎಲ್ಲರೂ ಸೇರಿ ಒಬ್ಬರ ಹೆಸರು ಹುಡುಕುತ್ತಾರಂತೆ. ಹೆಸರು ಸಿಕ್ಕ ತಕ್ಷಣ ಮೀಟಿಂಗ್ ಮುಗಿಯುತ್ತದಂತೆ. ನಾವು ಯೋಚಿಸದೇ ಇರುವುದು ದಡ್ಡರಾಗಿದ್ದಕ್ಕಲ್ಲ. ಶರಣಮ್ಮನಿಗೆ ಕೆಲಸ ಹೋಗುವ ಭಯ, ಮಂಜುನಾಥ್‌ಗೆ ಡಿಸ್ಪ್ಯಾಚ್ ಭಯ, ಮುನಿಯಪ್ಪನಿಗೆ ನನ್ನ ಕ್ಲಿಪ್‌ಬೋರ್ಡ್ ಭಯ, ನನಗೆ ಸಾಹೇಬರ ಭಯ. ಇಷ್ಟು ಜನ ಹೆದರಿಕೊಂಡಿದ್ದೆವು, ಆದರೆ ಹೆದರಬೇಕಾದ ಮಷಿನ್‌ಗೆ ಹೆದರಿದ್ದು ಒಬ್ಬರೇ. ಹನ್ನೊಂದು ಚುಕ್ಕೆ ಇಟ್ಟವರು.

ಫಾರಂ ಹೊಸದಾಗಿ ತುಂಬಿದೆ. ಐದನೇ ‘ಯಾಕೆ’ ಮುಂದೆ ನನ್ನ ಹೆಸರು ಬರೆದೆ. ಸಾಹೇಬರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಆಡಿಟ್ ಮುಗಿಯಲಿ ಅಂದಿದ್ದಾರೆ. ಅದರ ಅರ್ಥ ಏನೋ, ನನಗೆ ಗೊತ್ತಿಲ್ಲ. ನಾಲ್ಕೂ ಪ್ರೆಸ್ಸಿನ ವಾಲ್ವ್ ಬದಲಾಗಿದೆ. ಮುನಿಯಪ್ಪ ಮತ್ತೆ ಬೆಳಿಗ್ಗೆ ಶೆಡ್ಡಿನ ಹಿಂದೆ ಹೋಗುತ್ತಿದ್ದಾರೆ. ಯಾಕೆ ಹೋಗಬೇಕು ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ಗೋಡೆಯ ಮೇಲೆ ಬರೆಸಿದ್ದೇನೆ.

ಒಂದು ವಾರ ಮರದ ಪಟ್ಟಿ ಇಟ್ಟು ಓಡಿಸಿ ನೋಡಿದೆವು. ಮೊನ್ನೆ ಶನಿವಾರ ಬೆಳಿಗ್ಗೆ, ಟೀಗೆ ಮುಂಚೆ, ಮೂರನೇ ನಂಬರಿನ ಮುಂದೆ ನಾನೇ ಕೂತು ಹತ್ತು ಪೀಸ್ ಒತ್ತಿದೆ. ಪ್ರತಿ ಸಲ ಕೈ ಒಳಗೆ ಹೋದಾಗಲೂ ಉಸಿರು ಹಿಡಿದಿದ್ದೆ. ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು ಬಂತು, ನಾಚಿಕೆ ಏನಿಲ್ಲ. ಹತ್ತೂ ಆದ ಮೇಲೆ ಬೆರಳು ಎಣಿಸಿ, ಮಷಿನ್ ಓಡಿಸಬಹುದು ಅಂತ ಸಹಿ ಮಾಡಿದೆ.

ಅವತ್ತೇ ಸಣ್ಣ ಸೈಜಿನ ಗ್ಲೌಸ್ ಬಂತು. ಶರಣಮ್ಮ ಹಾಕಿಕೊಂಡು, ಬೆರಳು ಬಿಡಿಸಿ, ಮಡಿಸಿ ನೋಡಿದರು. “ಈಗ ಸರಿ ಕುಂತೈತ್ರಿ ಮೇಡಂ,” ಅಂತ ಹೇಳಿ ಮಷಿನ್ ಮುಂದೆ ಕೂತರು.

ನಿಜ, ಸರಿಯಾಗಿ ಕೂತಿದೆ. ಮುಂದಿನ ಸಲ ನಾನು ಯೋಚಿಸದೆ ಸಹಿ ಮಾಡಿದರೆ, ತುಂಡಾಗಲು ಅಲ್ಲಿ ಖಾಲಿ ಬಟ್ಟೆ ಇಲ್ಲ.