ಆಷಾಢದಲ್ಲಿ ಬಂದ ಪ್ಲಾಸ್ಟಿಕ್ ಮನೆ

ಬ್ಲಾಕ್ಸ್ ಜೋಡಿಸುವ ಹುಚ್ಚಿರುವ ಗೆಳೆಯರೇ, ಇವತ್ತಿನ ನನ್ನ ಗೋಳು ಕೇಳಿ. ಯುಗಾದಿಯಿಂದ ಕಾಯುತ್ತಿದ್ದ ಹೊಸ ಸೆಟ್ ಕೊನೆಗೂ ಹಿರಿಯೂರಿನ ನಮ್ಮ ಮನೆಗೆ ಬಂತು. ಜೋಡಿಸಿದರೆ ಕೆಂಪು ಹೆಂಚಿನ ಮಹಡಿ ಮನೆ ಆಗುವ ಸೆಟ್. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದು, ಚಾಪೆ ಹಾಸಿ, ಪೆಟ್ಟಿಗೆಗೆ ಕತ್ತರಿ ಇಟ್ಟೆ. ಅಷ್ಟರಲ್ಲಿ ಅಮ್ಮ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿಬಿಟ್ಟಳು.

"ಲೇ, ಆಷಾಢದಾಗೆ ಯಾರಾದ್ರೂ ಮನೆ ಕಟ್ಟಾಕೆ ಶುರು ಮಾಡ್ತಾರೇನಲೇ?"

"ಅಮ್ಮಾ, ಇದು ಪ್ಲಾಸ್ಟಿಕ್ಕು."

"ಗೋಡೆ ಐತೆ, ಬಾಗ್ಲೈತೆ, ಮ್ಯಾಲೆ ಹೆಂಚೈತೆ. ಮನೆ ಅನ್ನಾಕೆ ಇನ್ನೇನು ಬೇಕು?"

"ಇದು ಆಟದ ಸಾಮಾನಮ್ಮಾ!" ಎಂದು ಕೂಗಿದೆ. ಕೂಗಬಾರದಿತ್ತು. ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು.

"ಏನ್ರಿ, ತರ್ಸೋವಾಗ ಇದು ಆಟದ ಸಾಮಾನಲ್ಲ, ದೊಡ್ಡೋರ ಹವ್ಯಾಸ ಅಂದಿದ್ರಿ?"

ಕತ್ತರಿ ಕೆಳಗಿಟ್ಟೆ. ಪೆಟ್ಟಿಗೆ ಈಗ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬೀರುವಿನ ಮೇಲೆ ಕೂತಿದೆ, ಶ್ರಾವಣ ಬರುವವರೆಗೆ. ನನ್ನ ಸಪ್ಪೆ ಮೋರೆ ನೋಡಿ ಅಮ್ಮನಿಗೇ ಪಾಪ ಅನಿಸಿತು.

"ಹಡಗು ಗಿಡಗು ಇದ್ರೆ ಕಟ್ಕಳಪ್ಪ. ಅದಕ್ಕೆ ಆಷಾಢ ಇಲ್ಲ."

"ಹಡಗು ತರ್ಸಿ ನೋಡ್ರಿ," ಎಂದಳು ಹೆಂಡತಿ, "ಅದ್ರ ಜೊತಿಗೆ ನಿಮ್ಮನ್ನೂ ಮಾರಿಕಣಿವೆ ಡ್ಯಾಮಿಗೆ ಬಿಟ್ಟು ಬರ್ತೀನಿ."

ಗೆಳೆಯರೇ, ಹಡಗಿಗೆ ಆರ್ಡರ್ ಹಾಕಿಯಾಗಿದೆ. ಡ್ಯಾಮಿನಲ್ಲಿ ಈಗ ನೀರು ಎಷ್ಟಿದೆ, ಬಲ್ಲವರು ತಿಳಿಸಿ.