ಗ್ಯಾಲರಿಯಲ್ಲಿ ಬಾಗಿಲಗಲದ ಬಿಸಿಲು

ಮುಂಬಯಿಯ ಚಳಿಯನ್ನು ಚಳಿ ಎನ್ನಲು ವಿಜಾಪುರದ ಕಡೆಯ ನಮಗೆ ಸಂಕೋಚ. ಕೌದಿಯೊಳಗೆ ಮುದುಡಿಕೊಂಡು ಬೆಳೆದವರು ನಾವು. ಇಲ್ಲಿ ಡಿಸೆಂಬರಿನಲ್ಲಿ ಫ್ಯಾನು ನಿಲ್ಲಿಸಿದರೆ ಅದೇ ಚಳಿಗಾಲ. ಸ್ನಾನ ಮಾಡಿ ಬಂದ ಮಕ್ಕಳಿಗೆ ಮಾತ್ರ ಹತ್ತು ನಿಮಿಷ ಮೈ ನಡುಗುತ್ತಿತ್ತು. ಸಯನ್‌ನ ವಠಾರದಂಥ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ, ಕೋಣೆಗಳ ಮುಂದಿನ ಗ್ಯಾಲರಿಗೆ, ಎದುರಿನ ಎರಡು ಬಿಲ್ಡಿಂಗುಗಳ ನಡುವಿನಿಂದ, ಒಂದು ಬಾಗಿಲಿನಷ್ಟು ಅಗಲದ ಬಿಸಿಲು ಬೀಳುತ್ತಿತ್ತು. ಒಂದು ತಾಸು ಇದ್ದು ಹೋಗುತ್ತಿತ್ತು.

ಎಪ್ಪತ್ತರ ದಶಕದ ಆರಂಭದ ಆ ವರ್ಷ ನಾನು ಬಿ.ಎ. ಪಾಸಾಗಿದ್ದೆ. ನಮ್ಮಪ್ಪ ಕಟ್ಟಡಗಳಿಗೆ ಕಲ್ಲು ಹೊತ್ತವನು, ಪಗಾರ ತೆಗೆದುಕೊಳ್ಳುವಾಗ ಹೆಬ್ಬೆಟ್ಟು ಒತ್ತಿದವನು. ನಾನು ಬೆಳಿಗ್ಗೆ ಕಾಲೇಜು, ಆಮೇಲೆ ಪರೇಲಿನ ಗಿರಣಿಯೊಂದರಲ್ಲಿ ಹಾಜರಿ ಬರೆಯುವ ಕೆಲಸ ಎಂದು ಮೆಟ್ರಿಕ್‌ನಿಂದ ಬಿ.ಎ.ವರೆಗೆ ಏಳು ವರ್ಷ ದುಡಿದು ಓದಿದೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಆ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಆ ಏಳು ವರ್ಷಗಳಲ್ಲೇ ನನ್ನ ಮದುವೆಯಾಯಿತು, ಇಬ್ಬರು ಮಕ್ಕಳಾದರು. ಮಗಳಿಗೆ ಐದು, ಮಗನಿಗೆ ಮೂರು.

ಓದು ಮುಗಿದ ಮೇಲಿನ ಮೊದಲ ಚಳಿಗಾಲ ಅದು. ಭಾನುವಾರ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುವಾಗ ನನಗೊಂದು ಸಂಗತಿ ಗೊತ್ತಾಯಿತು. ನನ್ನ ಮಕ್ಕಳು ಮಾತನಾಡುತ್ತಿರಲಿಲ್ಲ. ಪಿಸುಗುಟ್ಟುತ್ತಿದ್ದವು. ಮಗ ನೀರು ಬೇಕೆಂದು ಅಕ್ಕನ ಕಿವಿಯಲ್ಲಿ ಹೇಳುವನು, ಅವಳು ಹೋಗಿ ಅವ್ವನ ಕಿವಿಯಲ್ಲಿ ಹೇಳುವಳು. ನಾನು ಹತ್ತಿರ ಕರೆದರೆ ಬಂದು ಕೈಕಟ್ಟಿ ನಿಲ್ಲುತ್ತಿದ್ದವು.

ಹೆಂಡತಿಯನ್ನು ಕೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ನಾನ ಕಲಿಸೇನ್ರಿ," ಅಂದಳು. "ಇರೂದು ಒಂದ ಖೋಲಿ. ಅಪ್ಪ ಮನಿಯಾಗ ಇದ್ದಾಗ ಸಪ್ಪಳ ಮಾಡಬಾರದು ಅಂತ ಹೇಳದಿದ್ರ ನೀವು ಪಾಸಾಗತಿದ್ರೇನು? ಕಲಿಸೂದು ನಾ ಕಲಿಸೇನಿ. ಬಿಡಿಸೂದು ನೀವು ನೋಡ್ರಿ."

ಬಿಡಿಸುವುದು ಏನು ಮಹಾ ಎಂದುಕೊಂಡೆ. ಮುಂದಿನ ಭಾನುವಾರ ಎಲ್ಲರನ್ನೂ ಲೋಕಲ್‌ನಲ್ಲಿ ಗೋರೆಗಾಂವಿಗೆ ಕರೆದುಕೊಂಡು ಹೋದೆ. ಆಗ ಅಲ್ಲಿ ಗುಡ್ಡ, ಹುಲ್ಲು, ಬೇಕಾದಷ್ಟು ಜಾಗ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಸ್ಟೇಷನ್ ಹೊರಗೆ ಕೊಂಡ ಒಂದು ಕಟ್ಟು ಹಸಿ ಕಡಲೆ. ಬಿಸಿಲು ಹಿತವಾಗಿತ್ತು. ನಾನು ಖುಷಿಯಲ್ಲಿದ್ದೆ, ಆದ್ದರಿಂದ ಮಕ್ಕಳಿಗೆ ಪಾಠ ಮಾಡಿದೆ. ಸಮುದ್ರದ ಪಕ್ಕದ ಊರಿಗೆ ಚಳಿ ಯಾಕೆ ಕಡಿಮೆ, ಭೂಮಿ ಹೇಗೆ ಬೇಗ ತಣ್ಣಗಾಗುತ್ತದೆ, ನೀರು ಹೇಗೆ ನಿಧಾನವಾಗಿ ಆರುತ್ತದೆ, ಎಲ್ಲ. ಮಗಳು ಕೊನೆಯವರೆಗೂ ಕೇಳಿ, "ತಿಳೀತ್ರಿ ಅಪ್ಪಾ," ಅಂದಳು. ಆಮೇಲೆ ಇಬ್ಬರೂ ಅವ್ವನ ಜೊತೆ ದೂರದ ಮರದ ಹತ್ತಿರ ಹೋದರು. ಅಲ್ಲಿಂದ ನಗು ಕೇಳಿಸಿತು. ಮಗ ಅಷ್ಟು ಜೋರಾಗಿ ನಗುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ. ಎದ್ದು ಹೋದೆ. ನಾನು ಹತ್ತಿರವಾಗುತ್ತಿದ್ದಂತೆ ನಗು ನಿಂತುಹೋಯಿತು.

ಏಳು ವರ್ಷ ಯಾರಿಗಾಗಿ ಓದಿದೆನೆಂದು ಕೇಳಿದರೆ ಇವರಿಗಾಗಿ ಎಂದೇ ಹೇಳುತ್ತಿದ್ದೆ. ಆ ಮರದ ಕೆಳಗೆ ಹೆಚ್ಚು ಹೊತ್ತು ನಿಲ್ಲದೆ ಹಿಂದಿರುಗಿ ರೊಟ್ಟಿಯ ಗಂಟು ಕಟ್ಟತೊಡಗಿದೆ.

ವಾಪಸು ಬರುವಾಗ ಹೆಂಡತಿ, ನೀವು ಮಾತಾಡಿದರೆ ಮಾಸ್ತರ ಮಾತಾಡಿದಂತಾಗುತ್ತದೆ, ಪುಸ್ತಕ ಹೋಗಿ ಪೇಪರ್ ಬಂತು ಅಷ್ಟೇ, ಮಕ್ಕಳಿಗೆ ಎರಡೂ ಒಂದೇ ಎಂದಳು. ಬರುವ ಭಾನುವಾರದಿಂದ ಅವರ ಸ್ನಾನ ನಿಮ್ಮದು ಎಂದೂ ಹೇಳಿಬಿಟ್ಟಳು.

ಬಿ.ಎ. ಆದವನಿಗೆ ಇದೆಷ್ಟರ ಕೆಲಸ ಎಂದು ಅಂಗಿಯ ತೋಳು ಮಡಚಿದೆ. ಸ್ಟೋವಿನ ಮೇಲಿನ ನೀರನ್ನು ಬಕೆಟ್ಟಿಗೆ ಸುರಿದೆ. ತಣ್ಣೀರು ಎಷ್ಟು ಬೆರೆಸಬೇಕೆಂದು ಗೊತ್ತಿಲ್ಲ, ಕೇಳಲು ಮನಸ್ಸಿಲ್ಲ. ಮೊದಲ ತಂಬಿಗೆ ಬೆನ್ನಿಗೆ ಬಿದ್ದದ್ದೇ ಮಗ ಚೀರಿದ. ಗಾಬರಿಯಿಂದ ತಣ್ಣೀರು ಸುರಿದೆ, ಅದು ಅತಿಯಾಯಿತು. ಸಾಬೂನು ಕಣ್ಣಿಗೆ ಹೋಯಿತು. ಅವನು ಬಚ್ಚಲಲ್ಲಿ ಕುಣಿಯುತ್ತ ಇಡೀ ಮಾಳಿಗೆಗೆ ಕೇಳುವಂತೆ ಅಳತೊಡಗಿದ. ಮಗಳು ಸ್ವಲ್ಪ ಹೊತ್ತು ತಡೆದುಕೊಂಡಳು. ಆಮೇಲೆ ಅವಳಿಗೆ ಆಗಲಿಲ್ಲ.

"ಹಂಗಲ್ಲಪಾ! ಮೊದಲ ಕಾಲಿಗೆ ಹಾಕಬೇಕು. ಕಾಲಿಗೆ ಹಾಕಿ ಕೇಳಬೇಕು, ಸುಡ್ತೈತೇನು ಅಂತ. ನಿನಗ ಏನೂ ಬರೂದಿಲ್ಲ."

ಅವಳ ಪೂರ್ತಿ ದನಿ ಕೇಳಿದ್ದು ಅದೇ ಮೊದಲು. ಸ್ವಲ್ಪ ಗಡಸು ದನಿ, ನಮ್ಮವ್ವನ ದನಿಯಂತೆ. ಅವಳು ಹೇಳಿಕೊಟ್ಟಂತೆ ಇಬ್ಬರಿಗೂ ಸ್ನಾನ ಮಾಡಿಸಿದೆ. ಒದ್ದೆ ಮೈಯಲ್ಲೇ ಇಬ್ಬರೂ ಗ್ಯಾಲರಿಗೆ ಓಡಿದರು. ನಾನು ಹಿಂದೆ ಹೋಗಿ ನೋಡಿದರೆ, ಬಿಸಿಲಿನ ಪಟ್ಟಿಯ ಸರಿ ನಡುವೆ ನನ್ನ ಕುರ್ಚಿ. ಮಗ ಹಲ್ಲು ಕಟಕಟಿಸುತ್ತ ಪಕ್ಕದ ನೆರಳಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದ, ಅದು ಅವನ ಕಾಯಂ ಜಾಗ ಎಂಬಂತೆ. ಚಳಿಗಾಲದ ಎಷ್ಟು ಭಾನುವಾರ ನಾನು ಬಿಸಿಲಲ್ಲಿ ಕೂತು ಓದಿದ್ದೆನೋ, ಅಷ್ಟೂ ಭಾನುವಾರ ಅವರು ನಿಂತದ್ದು ಆ ನೆರಳಲ್ಲಿಯೇ.

"ಅಪ್ಪಾ, ಕುರ್ಚಿ ತಗೀ," ಅಂದಳು ಮಗಳು. "ಬಿಸಲಾಗ ನಾವು ನಿಂದ್ರತೇವಿ."

ತೆಗೆದೆ. ಇಬ್ಬರೂ ಬಿಸಿಲಿಗೆ ನುಗ್ಗಿ, ನಿನಗೆ ಹೆಚ್ಚು ನನಗೆ ಕಡಿಮೆ ಎಂದು ಜಗಳಕ್ಕೆ ಬಿದ್ದರು. ನಾನು ಕುರ್ಚಿ ಹಿಡಿದುಕೊಂಡೇ ನೋಡುತ್ತಿದ್ದೆ. ಮಗಳು ಜಗಳದ ನಡುವೆಯೇ ತಿರುಗಿ, ಸುಮ್ಮನೆ ಯಾಕೆ ನಿಂತಿ, ತಮ್ಮನಿಗೆ ಟವೆಲ್ ತಾ ಎಂದು ಹುಕುಂ ಮಾಡಿದಳು. ನಾನು ಒಳಗೆ ಹೋಗಿ ಟವೆಲ್ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದೆ.