ಬೇಡವೆಂದ ಉಂಗುರಗಳಿಗೆ ಇನ್ನೊಂದು ಬೆಳಗು

ಬೀದಿಯ ಅಂಗಡಿಗಳೆಲ್ಲ ಇನ್ನೂ ಬಾಗಿಲು ಹಾಕಿಕೊಂಡು ಮಲಗಿವೆ. ಹಳೆಯ ಉಂಗುರಗಳನ್ನು ಮಾರುವ ಅಂಗಡಿಯ ಮಹಡಿ ಕೋಣೆಯಲ್ಲಿ ಮಾತ್ರ ಒಬ್ಬರು ಕಿಟಕಿಗೆ ಮುಖ ಮಾಡಿ ಕುಳಿತಿದ್ದಾರೆ. ದೀಪ ಹಾಕಿಲ್ಲ, ಹಾಕಲು ಬಿಡುವುದೂ ಇಲ್ಲ. ಮೇಜಿನ ಮೇಲೆ ಒಂದು ಬಿಳಿ ಕಾಗದ, ಕಾಗದದ ಮೇಲೆ ಒಂದೇ ಒಂದು ಉಂಗುರ, ಪಕ್ಕದಲ್ಲಿ ಅಂಚು ತುಕ್ಕು ಹಿಡಿದ ದೊಡ್ಡ ಬಿಸ್ಕತ್ತಿನ ಡಬ್ಬಿ. ಮೊದಲ ಬೆಳಕು ಕಾಗದದ ಮೇಲೆ ಬೀಳುವವರೆಗೆ ಅವರು ಉಂಗುರವನ್ನು ಮುಟ್ಟುವುದಿಲ್ಲ. ಕಾಫಿ ಹೀರುತ್ತ ಅದರ ಎದುರು ಸುಮ್ಮನೆ ಕೂತಿರುತ್ತಾರೆ, ಬಸ್ಸಿಗೆ ಕಾಯುವ ಇಬ್ಬರು ಅಪರಿಚಿತರ ಹಾಗೆ.

ಬೆಳಕು ಬರುತ್ತದೆ. ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಬಲಗಣ್ಣಿನಿಂದ ನೋಡುತ್ತಾರೆ. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ. “ಈ ಕಣ್ಣಿಗೆ ಇದು ನೀಲಿ. ಈ ಕಣ್ಣಿಗೆ ಇದ್ದಿಲು,” ಎನ್ನುತ್ತಾರೆ. “ಒಂದೇ ಮುಖದಲ್ಲಿ ಇಬ್ರು ಸಾಕ್ಷಿಗಳು ನೋಡಿ. ಒಬ್ಬ ಇಷ್ಟು ದಿನ ಸುಳ್ಳು ಹೇಳ್ತಿದ್ದ, ನನಗೆ ಗೊತ್ತೇ ಆಗ್ಲಿಲ್ಲ.”

ಉಂಗುರ ಡಬ್ಬಿಗೆ ವಾಪಸು ಹೋಗುವುದಿಲ್ಲ. ಬಲಗಡೆಯ ತಟ್ಟೆ ಸೇರುತ್ತದೆ.

ಇವರನ್ನು ಈ ಬೀದಿಯವರು ಕರೆಯುವುದು ಬೆಳಕಪ್ಪ ಎಂದು. ಯಾರೇ ಉಂಗುರ ತಂದು “ಹೇಗಿದೆ?” ಅಂದರೂ “ಬೆಳಕು ಬರ್ಲಿ, ಹೇಳ್ತೀನಿ” ಅನ್ನುವುದು ಇವರ ಚಾಳಿ. ಮೋಡ ಕವಿದ ದಿನ ಬಂದವರು ಎರಡೆರಡು ಸಲ ಮೆಟ್ಟಿಲು ಹತ್ತಿ ಇಳಿದದ್ದುಂಟು. ಕೆಳಗೆ ಗಾಜಿನ ಕಪಾಟಿನ ಮುಂದೆ ನಿಂತು ಕೆಂಪು, ಪಚ್ಚೆ, ನೀಲಗಳಿಗೆ ಬಾಯಿ ಬಾಯಿ ಬಿಡುವ ಗಿರಾಕಿಗಳಿಗೆ, ತಲೆಯ ಮೇಲೆ ಹೀಗೊಬ್ಬರು ಕೂತು ಇವನ್ನೆಲ್ಲ ಆರಿಸಿದ್ದಾರೆ ಎಂಬುದೇ ತಿಳಿಯದು. ತಿಳಿಸುವ ಆಸೆಯೂ ಬೆಳಕಪ್ಪನವರಿಗಿಲ್ಲ. ಗಿರಾಕಿಗಳು ವಿಪರೀತ ಮಾತಾಡುತ್ತಾರೆ ಎಂಬುದು ಅವರ ದೂರು.

ಖಾಲಿ ಮಾಡುವ ಹಳೆಯ ಮನೆಗಳಿಂದ, ಹರಾಜುಗಳಿಂದ ಉಂಗುರಗಳು ಪೊಟ್ಟಣ ಕಟ್ಟಿಕೊಂಡು ಬರುತ್ತವೆ. ದಿನಕ್ಕೆ ಮೂವತ್ತು ನಲವತ್ತು ನೋಡಿದರೆ ಉಳಿಯುವುದು ಎರಡೋ ಮೂರೋ. ಮೊದಲು ಬೆರಳಿನ ಕೆಲಸ. ಉಂಗುರದ ಒಳಗೆ ಕಿರುಬೆರಳು ಆಡಿಸುತ್ತಾರೆ. ನಿಜವಾಗಿ ಹಳೆಯದಾದರೆ ಅಂಗೈ ಕಡೆಯ ಭಾಗ ಸವೆದು ತೆಳ್ಳಗಾಗಿರಬೇಕು. ಹರಳನ್ನು ಹಿಡಿದಿರುವ ಕೊಕ್ಕೆಗಳ ಮೇಲೆ ರೇಷ್ಮೆ ಚೂರೊಂದನ್ನು ಎಳೆಯುತ್ತಾರೆ. ನೂಲು ಸಿಕ್ಕಿಕೊಂಡರೆ ಯಾವುದೋ ಕೊಕ್ಕೆ ಎದ್ದಿದೆ ಎಂದು ಅರ್ಥ. “ಹೊಸದಕ್ಕೆ ಹಳೇ ವೇಷ ಹಾಕೋರು ಸುತ್ತ ಒಂದೇ ಸಮ ಉಜ್ಜಿಬಿಡ್ತಾರೆ. ಯಾರ ಕೈಯಾದ್ರೂ ಹಾಗೆ ಅಳತೆ ಇಟ್ಕೊಂಡು ಕೆಲ್ಸ ಮಾಡುತ್ತಾ?” ಎಂದು ನಗುತ್ತಾರೆ. ಇಷ್ಟೆಲ್ಲ ಆದ ಮೇಲೆ ಬಣ್ಣ. ಬೆರಳು ಎಷ್ಟೇ ಚುರುಕಾಗಿದ್ದರೂ ಬಣ್ಣಕ್ಕೆ ಕಣ್ಣೇ ಬೇಕು.

ಮೀಸೆ ಮೂಡುವ ಮೊದಲೇ ಅವರು ಇಲ್ಲಿಗೆ ಪಾಲಿಶ್ ಕೆಲಸಕ್ಕೆ ಬಂದವರು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ಇಬ್ಬರು ತಂಗಿಯರು. ಬಂದ ಹೊಸದರಲ್ಲಿ ಕೆಂಪು ಹರಳಿನ ಒಂದು ಉಂಗುರವನ್ನು ಬಿಸಿ ಸಾಬೂನು ನೀರಿನಲ್ಲಿ ಅದ್ದಿ ಚೆನ್ನಾಗಿ ತಿಕ್ಕಿದರು. ಹಿಂದೆಲ್ಲ ಕೆಲವು ಹರಳುಗಳ ಬೆನ್ನಿಗೆ ಹೊಳಪಿನ ತೆಳು ತಗಡು ಇಟ್ಟು ಹಿಂಬದಿ ಮುಚ್ಚಿಬಿಡುತ್ತಿದ್ದರು. ನೀರು ಒಳಗಿಳಿದರೆ ತಗಡು ಕಪ್ಪಾಗಿ ಹರಳು ಸತ್ತಂತೆಯೇ. ಅದು ಸತ್ತಿತು. ಆಗಿನ ಯಜಮಾನರು ಬೈಯಲಿಲ್ಲ. “ಇದನ್ನ ನೀನೇ ಇಟ್ಕೋ, ದಿನಾ ಒಂದ್ಸಲ ನೋಡ್ತಿರು,” ಅಂದರಂತೆ. ಬೈದಿದ್ದರೆ ಎರಡು ದಿನಕ್ಕೆ ಮರೆಯಬಹುದಿತ್ತು. ಆ ಉಂಗುರ ಈಗಲೂ ಕಿಟಕಿಯ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ.

ಆ ಯಜಮಾನರು ಈಗಿಲ್ಲ. ಅಂಗಡಿ ನಡೆಸುತ್ತಿರುವುದು ಅವರ ಮಗಳು. ಬೆಳಕಪ್ಪನವರಿಗೆ ಆಕೆ “ಮಾಮ” ಅನ್ನುತ್ತಾರೆ, ಅವರು ಆಕೆಗೆ “ಅಮ್ಮ” ಅನ್ನುತ್ತಾರೆ. ಮೊನ್ನೆ ಮೊನ್ನೆಯವರೆಗೆ ಇಬ್ಬರ ನಡುವೆ ಗಟ್ಟಿ ಮಾತು ಬರುವಂಥದ್ದು ಏನೂ ಆಗಿರಲಿಲ್ಲ.

ಆದದ್ದು ಕಣ್ಣಿನ ಪೊರೆಯಿಂದ. ಕತ್ತಲೆ ಕವಿದಿದ್ದರೆ ಅವರಿಗೆ ತಿಳಿಯುತ್ತಿತ್ತು. ಕವಿದದ್ದು ಹಳದಿ, ಅದೂ ದಿನಕ್ಕೆ ಒಂದಿಷ್ಟೇ ಇಷ್ಟು. ಗೋಡೆ, ಕಾಗದ, ಹಾಲು, ವಜ್ರ ಎಲ್ಲಕ್ಕೂ ಅದೇ ಹಳದಿ ಬಳಿದುಕೊಂಡಿತು. “ಎಲ್ಲಾನೂ ಹಳದಿ ಆದ್ಮೇಲೆ ಯಾವುದು ಹಳದಿ ಅಂತ ಹೇಳೋದು? ಹಳದಿ ಛಾಯೆ ಇರೋ ವಜ್ರನ ಬಿಳಿ ಅಂತ ಮೇಲಿಟ್ಟೆ. ಒಳ್ಳೊಳ್ಳೆ ನೀಲಿ ಹರಳು ಕಪ್ಪಗೆ ಕಾಣ್ತಿತ್ತು, ಡಬ್ಬಿಗೆ ಹಾಕ್ದೆ.” ಲೆನ್ಸ್ ಹಿಡಿದರೂ ಪ್ರಯೋಜನವಿಲ್ಲ. ಲೆನ್ಸ್ ದೊಡ್ಡದು ಮಾಡಿ ತೋರಿಸುತ್ತದೆಯೇ ಹೊರತು ಕಣ್ಣನ್ನು ತೊಳೆದುಕೊಡುವುದಿಲ್ಲ.

ಕಳೆದ ತಿಂಗಳು ಬಲಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ಮೇಲೆ ಮನೆಯಲ್ಲಿ ಹೆಂಡತಿ ಔಷಧದ ಹನಿ ಹಾಕಲು ಮುಖದ ಹತ್ತಿರ ಕೈ ತಂದರು. ಹೊಸ ಕಣ್ಣಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಆ ಕೈಯ ಉಂಗುರ. ಅದರದ್ದೊಂದು ಕಥೆ ಇದೆ. ಉಂಗುರ ಆರಿಸುವವನ ಹೆಂಡತಿಯ ಬೆರಳು ಬೋಳು ಎಂದು ನೆಂಟರು ವರ್ಷಗಟ್ಟಲೆ ಆಡಿಕೊಂಡಿದ್ದರು. ಮೂರು ವರ್ಷದ ಹಿಂದೆ ಬೆಳಕಪ್ಪ ತಿಂಗಳುಗಟ್ಟಲೆ ಹುಡುಕಿ, ಒಂದು ಪುಟ್ಟ ಹಳೆಯ ವಜ್ರದ ಉಂಗುರ ತಂದು, “ಇಷ್ಟು ಬಿಳಿ ಹರಳು ನಾನೇ ಕಂಡಿದ್ದು ಕಮ್ಮಿ” ಎಂದು ತೊಡಿಸಿದ್ದರು. ಈಗ ನೋಡಿದರೆ ಅದು ನಿಂಬೆರಸ ಹಿಂಡಿದ ನೀರಿನ ಬಣ್ಣ.

“ಹೆದರಿಕೆ ಆಯ್ತು. ಇವಳ ಉಂಗುರಕ್ಕಲ್ಲ. ಇದೇ ಹೀಗಿದ್ರೆ, ಇದಾದ್ಮೇಲೆ ಆರಿಸಿದ್ದೆಲ್ಲ ಏನಾಗಿರ್ಬೇಕು ಅಂತ.”

ಎರಡು ದಿನ ಅವರು ಇದನ್ನು ಯಾರಿಗೂ ಹೇಳಲಿಲ್ಲ. ಬಾಯಿ ಬಿಡದೆ ಇದ್ದಿದ್ದರೂ ನಡೆದುಹೋಗುತ್ತಿತ್ತು. ಅಂಗಡಿಯಲ್ಲಿ ಅವರ ಮಾತನ್ನು ಯಾರೂ ಮರುಪರೀಕ್ಷೆ ಮಾಡುವವರಲ್ಲ. ಅದನ್ನು ನೆನೆದೇ ಅವರಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಹೋಗಿ ಯಜಮಾನಿಯ ಎದುರು ನಿಂತರು. “ನೋಡಮ್ಮ, ಮೂರು ವರ್ಷದಿಂದ ನಾನು ಆರಿಸಿದ್ದನ್ನೆಲ್ಲ ಕಪಾಟಿನಿಂದ ಇಳಿಸು. ಆಮೇಲೆ ಬೇಕಾದ್ರೆ ನನ್ನನ್ನೂ ಇಳಿಸು.”

ಯಜಮಾನಿ ಆ ದಿನವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಕೋಪ ಬಂತು. ಸುಳ್ಯಾಕೆ ಹೇಳ್ಲಿ? ಅಪ್ಪನ ಕಾಲದಿಂದ ಇರೋ ಹೆಸರು ಇದು. ಅಂಗಡಿ ಬಾಗಿಲು ಹಾಕ್ಕೊಂಡು ಇಬ್ರೂ ಕೂತು ಎಲ್ಲಾ ತೆಗೆದು ನೋಡಿದ್ವಿ. ಮಾರಿದ್ದಕ್ಕೆ, ಕೊಂಡ ಒಬ್ಬೊಬ್ರಿಗೂ ಫೋನ್ ಮಾಡ್ದೆ.” ಕೆಲವರು ಬದಲಾಯಿಸಿಕೊಂಡರು, ಕೆಲವರು ಮುಖ ಗಂಟಿಕ್ಕಿದರು, ಕೆಲವರು ನಕ್ಕು ಇದೇ ಇರಲಿ ಎಂದರು. ಬೆಳಕಪ್ಪನವರಿಗೆ ಮಾತ್ರ ಆಕೆ ಇರಿ ಎಂದೂ ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ. ಮೊದಲು ಡಬ್ಬಿ ಮುಗಿಸಿ ಎಂದರು.

ಆ ಡಬ್ಬಿಯೇ ಈಗ ಮೇಜಿನ ಮೇಲಿರುವುದು. ಪೊಟ್ಟಣಗಳಲ್ಲಿ ಬಂದು ಅವರು ಬೇಡವೆಂದ ಉಂಗುರಗಳೆಲ್ಲ ಇದರಲ್ಲಿ ಬೀಳುತ್ತವೆ. ವರ್ಷಕ್ಕೊಮ್ಮೆ ಹರಳು ಕಿತ್ತು ಸಗಟಾಗಿ ಮಾರಿ, ಚಿನ್ನ ಕರಗಿಸುತ್ತಾರೆ. ಹಾಗಾಗಿ ಹಿಂದಿನ ಎರಡು ವರ್ಷಗಳ ತಪ್ಪನ್ನು ಇನ್ನು ಯಾರೂ ತಿದ್ದಲಾರರು. ಇದರ ಮಾತು ಬಂದರೆ ಬೆಳಕಪ್ಪ ರೇಷ್ಮೆ ಚೂರನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಮಾಡುತ್ತಾರೆ. “ಯಾರೋ ಎಷ್ಟೋ ವರ್ಷ ಬೆರಳಲ್ಲಿ ಇಟ್ಕೊಂಡಿದ್ದು. ಕರಗೋವರೆಗೂ ಅದರದ್ದೇನೂ ತಪ್ಪಿರ್ಲಿಲ್ಲ,” ಎನ್ನುತ್ತಾರೆ. ಉಳಿದಿರುವುದು ಈ ವರ್ಷದ್ದು. ಇದನ್ನಾದರೂ ಉಳಿಸಿಕೊಳ್ಳಬೇಕು ಎಂದು ಅವರು ಎಡಗಣ್ಣಿನ ಆಪರೇಷನ್ನನ್ನೂ ಮುಂದೆ ಹಾಕಿಸಿದ್ದಾರೆ. ಡಾಕ್ಟರು ರೇಗಿದರು. “ಎಲ್ಲೆಲ್ಲಿ ಎಡವಿದೀನಿ ಅಂತ ಈ ಹಳೇ ಕಣ್ಣಲ್ಲೇ ನೋಡ್ಬೇಕು. ಎರಡೂ ಹೊಸದಾಗಿಬಿಟ್ರೆ ನಾನು ತಪ್ಪೇ ಮಾಡಿಲ್ಲ ಅನ್ಸಿಬಿಡುತ್ತೆ,” ಎಂಬುದು ಇವರ ವಾದ.

ಇಂದು ಡಬ್ಬಿಯ ತಳ ಕಾಣುತ್ತಿದೆ. ಬಲಗಡೆಯ ತಟ್ಟೆಯಲ್ಲಿ ನೀಲಿ ಹರಳುಗಳ ಸಾಲು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತದೆ. ಯಜಮಾನಿ ಬಂದು ತಟ್ಟೆಯ ಮುಂದೆ ಬಾಗಿ, ಒಂದೊಂದನ್ನೇ ಎತ್ತಿ ಕಿಟಕಿಗೆ ಹಿಡಿದು ನೋಡುತ್ತಾರೆ. ಬೆಳಕಪ್ಪ ಕೈಕಟ್ಟಿ ಕೂತಿದ್ದಾರೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ. ಆಕೆ ಹೊಗಳುವುದಿಲ್ಲ. ಸೆರಗಿನ ಮರೆಯಿಂದ ಕಟ್ಟು ಬಿಚ್ಚದ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಡುತ್ತಾರೆ.

“ನಿನ್ನೆ ಬಂತು ಮಾಮ. ಇದನ್ನೂ ನೋಡ್ಬಿಡಿ. ಹೇಗಿದೆ ಹೇಳಿ.”

ಬೆಳಕಪ್ಪ ಪೊಟ್ಟಣದ ಮೇಲೆ ಕೈಯಿಡುತ್ತಾರೆ. ಕೋಣೆಯ ತುಂಬ ಬಿಸಿಲು. “ಬೆಳಕು ಬರ್ಲಿ, ಹೇಳ್ತೀನಿ,” ಎನ್ನುತ್ತಾರೆ. ಯಜಮಾನಿ ನಗುತ್ತ ಕೆಳಗಿಳಿಯುತ್ತಾರೆ. ಇವರು ಕನ್ನಡಕ ತೆಗೆದು ಒರೆಸುತ್ತಾರೆ, ಕನ್ನಡಕ ಚೊಕ್ಕಟವಾಗಿಯೇ ಇದ್ದರೂ.

ಮಧ್ಯಾಹ್ನ ಮನೆಯಲ್ಲಿ ಹೆಂಡತಿ ಹನಿ ಹಾಕಲು ಕಾದಿದ್ದಾರೆ. ಎರಡು ಕೋಣೆಯ ಮನೆ, ಬಾಗಿಲ ಬಳಿ ಹೊಲಿಗೆ ಯಂತ್ರ. ಗಂಡನ ಕಣ್ಣು ಕೆಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ ಎಂಬ ಮಾತಿಗೆ ಆಕೆ ಮೂಗು ಮುರಿಯುತ್ತಾರೆ.

“ಯಾರಿಗೂ ಯಾಕೆ? ನನಗೆ ಗೊತ್ತಾಗಿತ್ತು. ಉಂಗುರ ತೊಡಿಸಿ ಬಿಳಿ ಬಿಳಿ ಅಂತ ಕುಣೀತಿದ್ರು. ಮೊದಲು ಅಂದ್ಕೊಂಡೆ, ಇವರ ಕೆಲಸದಲ್ಲಿ ಇದಕ್ಕೇ ಬಿಳಿ ಅಂತಾರೇನೋ ಅಂತ. ಆಮೇಲೆ ನೋಡಿದ್ರೆ ನನ್ನ ತಿಳಿಹಳದಿ ಸೀರೆಗೂ ಬಿಳಿ ಅಂದ್ರು. ನಿಮ್ಮ ಕಣ್ಣು ಸರಿಯಿಲ್ಲ ಅಂತ ಇವರಿಗೆ ಹೇಳೋದು ಹೇಗೆ ಹೇಳಿ? ಕಣ್ಣೇ ಇವರ ಅನ್ನ. ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ ಬನ್ನಿ ಅಂದ್ರೆ ಬರೋರಲ್ಲ. ಕೊನೆಗೆ ನನಗೆ ಸೂಜಿ ಪೋಣಿಸಕ್ಕೆ ಆಗ್ತಿಲ್ಲ, ಜೊತೆಗೆ ಬನ್ನಿ ಅಂತ ಕರ್ಕೊಂಡು ಹೋದೆ. ಹೇಗೂ ಬಂದಿದೀರಿ, ನಿಮ್ಮದೂ ತೋರಿಸಿ ಅಂದೆ.”

“ಸೂಜಿ ಚೆನ್ನಾಗೇ ಪೋಣಿಸ್ತಿದ್ಯಾ ಹಾಗಾದ್ರೆ?” ಬೆಳಕಪ್ಪನವರಿಗೆ ಇದು ಹೊಸ ಸುದ್ದಿ. ಬೆಪ್ಪಾಗಿ ಕೂತಿದ್ದಾರೆ.

“ಈಗ್ಲೂ ಒಂದೇ ಸಲಕ್ಕೆ ಪೋಣಿಸ್ತೀನಿ. ತಲೆ ಹಿಂದಕ್ಕೆ ಹಾಕ್ರೀ.”

ಹನಿ ಬೀಳುತ್ತದೆ. ಕಣ್ಣು ಮುಚ್ಚಿಕೊಂಡೇ ಅವರು ತಮ್ಮ ಒಂದೇ ಆಸೆ ಹೇಳುತ್ತಾರೆ: ಎಡಗಣ್ಣೂ ಸರಿಹೋದ ಮೇಲೆ ಇವಳಿಗೊಂದು ನಿಜವಾದ ಬಿಳಿ ಹರಳು ಆರಿಸಿ ತರಬೇಕು, ಈ ಹಳದಿಯದ್ದನ್ನು ತೆಗೆಸಬೇಕು. ಆಕೆ ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ.

“ಇದನ್ನ ಬಿಚ್ಚಲ್ಲ. ಬಣ್ಣ ಏನಾದ್ರೂ ಆಗ್ಲಿ, ಅಳತೆ ಹೇಗೆ ಕೂತಿದೆ ನೋಡಿ. ಬೆರಳಿಗೆ ನೂಲು ಸುತ್ತಿ ಅಳೀಲಿಲ್ಲ, ಏನಿಲ್ಲ. ಆ ಮಂಜುಗಣ್ಣಲ್ಲಿ ಅದು ಹೇಗೆ ಸರಿಯಾಗಿ ತಂದ್ರೋ ನನಗೆ ಇವತ್ತಿಗೂ ತಿಳಿದಿಲ್ಲ.”

ಬೆಳಕಪ್ಪ ಕಣ್ಣು ತೆರೆಯುವುದಿಲ್ಲ. ಕೈ ಚಾಚಿ ಆ ಬೆರಳನ್ನು ಹುಡುಕಿ ಹಿಡಿದುಕೊಳ್ಳುತ್ತಾರೆ.

“ಅದಕ್ಕೆ ಕಣ್ಣು ಬೇಕಿರ್ಲಿಲ್ಲ ಕಣೇ.”